ಮೂರು ದೇಶದವರು ನನ್ನ ಆಡಿಟ್ ನೋಡಲು ಬಂದದ್ದು

ಸಹಕಾರ ಸಂಘಗಳ ಆಡಿಟರಾಗಿ ಶ್ರೀರಂಗಪಟ್ಟಣ, ಪಾಂಡವಪುರ ಎಂದು ಸುತ್ತಿದವನು ನಾನು. ಹೋದ ಊರಲ್ಲೆಲ್ಲ ಜನ ನನ್ನನ್ನು ಕಂಡು ಹೆದರುತ್ತಿದ್ದರು, ನಾನು ಒಳಗೊಳಗೇ ನಗುತ್ತಿದ್ದೆ. ಆಡಿಟರೇ ಹೆದರುವ ಪ್ರಸಂಗಗಳೂ ಬರುತ್ತವೆ, ಬಂದರೆ ಒಂದರ ಹಿಂದೊಂದು ಬರುತ್ತವೆ. ತೊಂಬತ್ತರ ದಶಕದಲ್ಲಿ, ನಾನು ನಾಗಮಂಗಲದಲ್ಲಿದ್ದಾಗ, ಒಂದೇ ವಾರದಲ್ಲಿ ಬಂದವು.

೧. ನಂಟರ ಪಟ್ಟಿ

ನಮ್ಮ ಕಡೆಯ ಹೈನುಗಾರಿಕೆಗೆ ಎರಡು ಹೊರದೇಶಗಳು ನೆರವು ಕೊಟ್ಟಿದ್ದವು. ಆ ದೇಶಗಳಲ್ಲಿ ಆಡಿಟರುಗಳನ್ನೇ ಆಡಿಟ್ ಮಾಡುವುದಕ್ಕೆ ಸ್ವತಂತ್ರ ಅಧಿಕಾರಿಗಳಿದ್ದಾರಂತೆ. ಒಂದು ದೇಶದಿಂದ ಒಬ್ಬ ಗಂಡಸು, ಇನ್ನೊಂದರಿಂದ ಒಬ್ಬ ಹೆಂಗಸು, ಬೆಂಗಳೂರಿನಿಂದ ನಮ್ಮ ದೊಡ್ಡ ಸಾಹೇಬರು, ಮೂವರೂ ಸೇರಿ ನಮ್ಮನ್ನು ತಪಾಸಣೆ ಮಾಡುತ್ತಾರೆಂದು ಆಫೀಸಿಗೆ ಕಾಗದ ಬಂತು. ಸಂಘದವರ ಜೊತೆ ಆಡಿಟರಿಗೆ ಯಾವ ನಂಟೂ ಇರಬಾರದು, ಇದ್ದರೆ ಸಸ್ಪೆಂಡ್.

ಕಾಗದದ ಜೊತೆಗೊಂದು ಫಾರಂ ಇತ್ತು. ನೀವು ಆಡಿಟ್ ಮಾಡಿದ ಸಂಘಗಳಲ್ಲಿ ನಿಮ್ಮ ಸಂಬಂಧಿಕರು ಯಾರು ಯಾರಿದ್ದಾರೆ, ಬರೆಯಿರಿ. ಪಕ್ಕದ ಮೇಜಿನ ಗೆಳೆಯ, ಅವನೂ ಆಡಿಟರೇ, ಬೆಳಿಗ್ಗೆ ಬರೆಯಲು ಕೂತವನು ಮಧ್ಯಾಹ್ನಕ್ಕೆ ನಾಲ್ಕನೇ ಹಾಳೆಗೆ ಬಂದಿದ್ದ. ಇದ್ದಕ್ಕಿದ್ದಂತೆ ಎಲ್ಲ ಹಾಳೆಗಳನ್ನೂ ಹರಿದು, ‘ಯಾರೂ ಇಲ್ಲ’ ಎಂದು ಬರೆದು ಸಹಿ ಹಾಕಿದ.

“ಯಾಕ್ಲಾ ಹರಿದೆ?” ಅಂದೆ.

“ಇನ್ನೂ ನಮ್ಮಪ್ಪನ ಕಡೆಯವ್ರೇ ಮುಗ್ದಿಲ್ಲ ಕಣ್ಲಾ. ಎಂಡ್ತಿ ಕಡೆಯವ್ರನ್ನ ಯಾವತ್ತಿಗೆ ಬರ್ದು ಮುಗಿಸ್ಲಿ?” ಅಂದ.

೨. ಎಳನೀರು

ಮೊದಲ ಸರದಿ ಅವನದೇ. ಕೆ.ಆರ್. ಪೇಟೆ ತಾಲ್ಲೂಕು, ಶೀಳನೆರೆ ಕಡೆಯ ಒಂದು ಹಾಲಿನ ಸಂಘ. ನೋಡಿಕೊಂಡರೆ ಸ್ವಲ್ಪ ಧೈರ್ಯ ಬರಬಹುದೆಂದು ನಾನೂ ಜೀಪಿನ ಹಿಂದೆ ಕೂತೆ. ಸಂಘದ ಅಧ್ಯಕ್ಷರು ಎಲ್ಲರಿಗೂ ಎಳನೀರು ಕೆತ್ತಿಸಿ ಕೊಟ್ಟರು. ಗೆಳೆಯ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದು, “ಆಡಿಟ್ ಮಾಡೋ ಸಂಘದವ್ರ ಕೈಯಿಂದ ನಾನು ಏನೂ ಇಸ್ಕೊಳಲ್ಲ” ಎಂದು ಮೂರು ದೇಶಕ್ಕೂ ಕೇಳುವ ಹಾಗೆ ಹೇಳಿದ.

ಅಧ್ಯಕ್ಷರ ಮುಖ ಕಪ್ಪಿಟ್ಟಿತು. “ಯಾಕ್ಲಾ? ನನ್ನ ತಂಗೀನ ಧಾರೆ ಎರ್ದು ಕೊಟ್ಟಾಗ ಬ್ಯಾಡ ಅಂದ್ಯಾ?”

ಹೊರದೇಶದ ಆ ಹೆಂಗಸು ಏನೆಂದು ಕೇಳಿದರು. ಸಾಹೇಬರು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದರು. ಗೆಳೆಯನಿಗೆ ಅಲ್ಲೇ ಸಸ್ಪೆಂಡ್ ಆಯಿತು. ಅಧ್ಯಕ್ಷರು ಅವನ ಪಾಲಿನ ಎಳನೀರನ್ನು, ತಂಗಿಗೆ ತಲುಪಿಸಿ ಎಂದು ಸಾಹೇಬರ ಕೈಗೇ ಕೊಟ್ಟರು.

೩. ಮುಖ ಪರಿಚಯ

ಇನ್ನು ಉಳಿದವನು ನಾನು. ನನ್ನದು ಹೊಣಕೆರೆ ಕಡೆಯ ಸಂಘ. ಹಿಂದಿನ ದಿನವೇ ಬಸ್ಸು ಹತ್ತಿ ಹೋಗಿ ಕಾರ್ಯದರ್ಶಿಯನ್ನು ಹಿಡಿದೆ.

“ನಾಳೆ ಸಲಿಗೆ ತೋರಿಸ್ಬ್ಯಾಡ ಕಣಪ್ಪ. ನಾನು ನಿಮ್ಮೋನು ಅಂತ ಗೊತ್ತಾದ್ರೆ ನನ್ನ ಕೆಲ್ಸ ಓಯ್ತದೆ.”

“ಅದೇನ್ ದೊಡ್ಡ ಇಸ್ಯ ಬುಡಿ ಸಾ,” ಅಂದ ಅವನು.

ಮಾರನೆಯ ದಿನ ಜೀಪಿನಿಂದ ಇಳಿದೆವು. ಈ ಆಡಿಟರು ಹೇಗೆ ಎಂದು ಸಾಹೇಬರು ಕೇಳಿದರು. ಕಾರ್ಯದರ್ಶಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಯಾರೋ ಗೊತ್ತಿಲ್ಲ ಸಾ. ಈ ಮೊಕಾನ ಇವತ್ತೇ ನೋಡ್ತಿರಾದು.”

ಹೋದ ಸಲದ ನನ್ನ ಆಡಿಟ್ ವರದಿ ಸಾಹೇಬರ ಕೈಯಲ್ಲೇ ಇತ್ತು. ‘ಮೂರು ದಿನ ಖುದ್ದಾಗಿ ಸಂಘದಲ್ಲಿದ್ದು ಪರಿಶೀಲಿಸಿದ್ದೇನೆ’ ಎಂದು ಅದರಲ್ಲಿ ನಾನೇ ಬರೆದಿದ್ದೆ. ಮೂವರೂ ನನ್ನೆದುರಿಗೇ ಚರ್ಚೆಗೆ ಇಳಿದರು. ಬಾರದೆಯೇ ಸಹಿ ಹಾಕಿದವನಿಗೆ ಒಂದು ದೇಶದಲ್ಲಿ ಲೈಸೆನ್ಸ್ ಹೋಗುತ್ತದಂತೆ, ಇನ್ನೊಂದರಲ್ಲಿ ಜೈಲಂತೆ. ನಮ್ಮಲ್ಲಿ ಮೊದಲು ಸಸ್ಪೆಂಡ್, ಆಮೇಲೆ ವಿಚಾರಣೆ ಅಂದರು ಸಾಹೇಬರು. ಒಬ್ಬರದನ್ನೊಬ್ಬರು ಮೆಚ್ಚಿ ಬರೆದುಕೊಂಡರು.

ಕಾರ್ಯದರ್ಶಿ ತನ್ನ ತಾಯಿಗೆ ಏನನ್ನೂ ಹೇಳಿಕೊಟ್ಟಿರಲಿಲ್ಲ. ಆ ಅಜ್ಜಿ ಪಕ್ಕದ ಮನೆಯಿಂದ ಹೊರಗೆ ಬಂದು ನನ್ನನ್ನು ನೋಡಿದರು.

“ಅಯ್ಯ, ಆಡಿಟ್ ಸಾಮ್ಗೋಳು. ಓದ್ಸಲ ಮೂರು ದಿವ್ಸಾನೂ ನಮ್ಮನೇಲೇ ಉಂಡ್ಕಂಡು ಪಡಸಾಲೇಲಿ ಮನೀಕಂಡಿದ್ರಲ್ಲ, ಈಗ್ಯಾಕೆ ಬಿಸ್ಲಲ್ಲಿ ನಿಂತಿದ್ದೀರಿ? ಮುದ್ದೆ ಆಗ್ಯದೆ, ಕೋಳಿ ಸಾರೂ ಅದೆ. ಎಲ್ರೂವೆ ಒಳಿಕೆ ಬನ್ನಿ.”

ನಾನು ಬಂದಿದ್ದೆ ಎಂಬುದಕ್ಕೆ ಸಾಕ್ಷಿ ಸಿಕ್ಕಿತು, ಉಂಡಿದ್ದೆ ಎಂಬುದಕ್ಕೂ ಸಿಕ್ಕಿತು. ಯಾವುದಕ್ಕೆ ಸಂತೋಷಪಡಬೇಕೋ ತಿಳಿಯಲಿಲ್ಲ. ಸಾಹೇಬರು ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಕೈ ತೊಳೆಯಲು ನೀರಿನ ಚೊಂಬನ್ನು ಆ ಗಂಡಸಿನ ಕೈಗೆ ಕೊಟ್ಟಾಗಿತ್ತು. ಹೆಂಗಸು ಸಾರನ್ನು ಎರಡು ಸಲ ಬಡಿಸಿಕೊಂಡರು. ಗಂಡಸು ಉಂಡವನೇ ಪಡಸಾಲೆಯಲ್ಲಿ ಅಡ್ಡಾಗಿ ಗೊರಕೆ ಹೊಡೆದ.

ಹಿಂದಿರುಗುತ್ತಾ ಜೀಪು ನಾಗಮಂಗಲ ಹತ್ತಿರ ಬಂದಾಗ ಹೊರದೇಶದವರಿಬ್ಬರೂ ಪಿಸುಗುಟ್ಟಿಕೊಂಡು, ಸಾಹೇಬರ ಕಿವಿಯಲ್ಲಿ ಏನೋ ಹೇಳಿದರು. ಸಾಹೇಬರು ಹಿಂದಕ್ಕೆ ತಿರುಗಿದರು.

“ನಿಮ್ಮ ವಿಷಯ ಇನ್ನೂ ತೀರ್ಮಾನ ಆಗಿಲ್ಲ ಕಣ್ರೀ,” ಅಂದರು. “ಮೂರು ದಿನ ಆ ಮನೇಲಿದ್ದೂ ನೆಟ್ಟಗೆ ಆಡಿಟ್ ಮಾಡೋಕೆ ಆಗುತ್ತಾ ಅಂತ ತಿಳೀಬೇಕಾದ್ರೆ, ನಾವೂ ಮೂರು ದಿನ ಇದ್ದೇ ನೋಡ್ಬೇಕಂತೆ. ಮೂರು ದೇಶಕ್ಕೂ ಒಪ್ಪಿಗೆ. ನಾಳೆ ಊಟದ ಹೊತ್ತಿಗೆ ಬರ್ತೀವಿ ಅಂತ ಅಜ್ಜಿಗೆ ಹೇಳಿಕಳಿಸಿ.”