ಟಕೆಟ್ ಸಾಹೇಬರ ಸೋಲಿನ ಪ್ರಚಾರ

ಅಮೆರಿಕದ ಇಲಿನಾಯ್ ರಾಜ್ಯದ ಶಾಸನಸಭೆಯಲ್ಲಿ ಒಂದು ಅವಧಿ ಮುಗಿಸಿ ಬಂದ ಹೀರಮ್ ಟಕೆಟ್ ಸಾಹೇಬರಿಗೆ ಇನ್ನೊಂದರ ಆಸೆ ಸಾಸಿವೆಯಷ್ಟೂ ಇರಲಿಲ್ಲ. ರಾಜಧಾನಿಯ ವಸತಿಗೃಹದಲ್ಲಿ ಒಂದೇ ಮಂಚಕ್ಕೆ ಮೂವರು ಶಾಸಕರು. ಮೂರು ಹೊತ್ತೂ ಉಪ್ಪು ಹಾಕಿಟ್ಟ ಹಂದಿಮಾಂಸ. ಇನ್ನಾದರೂ ಮನೆಯಲ್ಲಿದ್ದು ಹೆಂಡತಿ ಕೆಜಾಯಾಳ ಕೈಯಡುಗೆ ಉಣ್ಣಬೇಕೆಂದು ಜೀವ ಹಂಬಲಿಸುತ್ತಿತ್ತು. ಆದರೆ ಊರಿನವರು ಕೇಳದೆಯೇ ಹೆಸರು ಸೂಚಿಸಿಬಿಟ್ಟರು. ಹಿಂದೆ ಸರಿದರೆ ಹೇಡಿ ಅನ್ನುತ್ತಾರೆ. ಮರ್ಯಾದೆಯಾಗಿ ಸೋಲುವುದೊಂದೇ ದಾರಿ.

ಸುಮಾರು ಇನ್ನೂರು ವರ್ಷದ ಹಿಂದಿನ ಮಾತಿದು, ಆಗೆಲ್ಲ ಅಲ್ಲಿ ಗುಟ್ಟಿನ ಮತವಿರಲಿಲ್ಲ. ನ್ಯಾಯಾಲಯದ ಜಗಲಿಯಲ್ಲಿ ಗುಮಾಸ್ತನ ಮುಂದೆ ನಿಂತು ತನ್ನವನ ಹೆಸರು ಕೂಗಬೇಕು. ಪಕ್ಕದಲ್ಲೇ ಕೂತ ಅಭ್ಯರ್ಥಿ ಎದ್ದು ಕೈಕುಲುಕಿ, ತನ್ನ ಪೀಪಾಯಿಯಿಂದ ಒಂದು ಲೋಟ ಕೊಡಬೇಕು. ಎದುರಾಳಿ ಲಿಸಾಂಡರ್ ಕಾಯ್ಲ್ ಒಳ್ಳೆಯ ವಿಸ್ಕಿ ತುಂಬಿಸಿದ್ದ. ಸಾಹೇಬರು ಬೇಕೆಂದೇ ಮಜ್ಜಿಗೆ ತುಂಬಿಸಿದರು.

ಮಜ್ಜಿಗೆ ಕುಡಿದ ಪಾದ್ರಿಗೆ ಕಣ್ಣು ತುಂಬಿತು. "ಹೆಂಡ ಕುಡಿಸದೆ ಮತ ಕೇಳೋ ಗಂಡಸನ್ನ ಇವತ್ತು ನೋಡಿದೆ ಕಣಪ್ಪ" ಎಂದವರೇ ಚರ್ಚಿನ ಗಂಡಸರನ್ನೆಲ್ಲ ಕರೆತಂದು ಟಕೆಟ್ ಹೆಸರು ಕೂಗಿಸಿದರು.

ಸಾಹೇಬರು ಬೆವರೊರೆಸಿಕೊಂಡು ಬೆಂಚು ಹತ್ತಿದರು. "ನೋಡ್ರಪ್ಪ, ಎರಡು ವರ್ಷ ಅಲ್ಲಿ ಕೂತು ನಾನು ಒಂದು ಕಡ್ಡೀನೂ ಎತ್ತಿಡಲಿಲ್ಲ."

"ಅದಕ್ಕೇ ನೀವು ಬೇಕು" ಎಂದ ಮುದುಕ ರೈತ ಏಮೊಸ್. "ಮಿಕ್ಕೋರು ಏನೇನೋ ಮಾಡಕ್ಕೆ ಹೋಗಿ ತೆರಿಗೆ ಏರಿಸಿದ್ರು."

ಅವನ ಹಿಂದಿದ್ದವರೆಲ್ಲ ಹೌದೌದೆಂದು ಟಕೆಟ್ ಹೆಸರನ್ನೇ ಕೂಗಿದರು.

ಸಂಜೆಗೆ ಸಾಹೇಬರು ಒಂದೇ ಒಂದು ಮತದಿಂದ ಮುಂದಿದ್ದರು. ಮತ ಹಾಕಲು ಉಳಿದವರು ಅಭ್ಯರ್ಥಿಗಳಿಬ್ಬರೇ. ಎದುರಾಳಿಗೆ ಮತ ಕೊಡುವುದು ದೊಡ್ಡ ಮನುಷ್ಯರ ಪದ್ಧತಿ. ಸಾಹೇಬರು ಗಂಟಲು ಹರಿಯುವಂತೆ "ಕಾಯ್ಲ್" ಎಂದು ಕೂಗಿದರು. ಸಮಸಮವಾಯಿತು. ಆಮೇಲೆ ಕಾಯ್ಲ್‌ನ ಕಿವಿಯಲ್ಲಿ ಗೋಗರೆದರು: "ನಿಮ್ಮ ಹೆಸರೇ ಹೇಳ್ಕೊಳ್ಳಿ ಮಾರಾಯರೇ, ಯಾರೂ ಏನೂ ಅನ್ನಲ್ಲ."

"ನನ್ನನ್ನ ಅಷ್ಟು ಚಿಲ್ಲರೆ ಮನುಷ್ಯ ಅಂದ್ಕೊಂಡ್ರಾ?" ಎಂದು ಕೆಂಪಾದ ಕಾಯ್ಲ್ ಎದೆ ಸೆಟೆಸಿ ಕೂಗಿದ: "ಟಕೆಟ್."

ಜನ ಸಾಹೇಬರನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತ ಮನೆಗೆ ತಂದಿಳಿಸಿದರು. ಬಾಗಿಲಲ್ಲಿ ಅವರ ಪೆಟ್ಟಿಗೆ ಸಿದ್ಧವಾಗಿ ನಿಂತಿತ್ತು.

"ನಾನು ಗೆದ್ದೆ ಅಂತ ಇಷ್ಟು ಬೇಗ ಯಾರು ಹೇಳಿದ್ರೇ?"

"ಯಾರು ಹೇಳಬೇಕು? ಬೆಳಿಗ್ಗೇನೇ ಕಟ್ಟಿಟ್ಟೆ" ಎಂದಳು ಕೆಜಾಯಾ. "ವಾರವೆಲ್ಲ ಮನೆಮನೆಗೂ ಹೋಗಿ, ಗಂಡಂದಿರ ಕೈಲಿ ನಿಮ್ಮ ಹೆಸರೇ ಕೂಗಿಸಿ ಅಂತ ಹೆಂಗಸರಿಗೆ ಹೇಳಿಬಂದಿದ್ದೀನಿ. ಕಾಯ್ಲ್ ಹೆಂಡತಿಗೂ."

"ಯಾಕೆ ಕಣೇ?"

"ನೀವು ಬಂದಾಗಿನಿಂದ ಕೋಳಿಗೂಡಿನ ಮುಂದೂ ನಿಂತು ಭಾಷಣ ಮಾಡ್ತೀರಿ. ಒಂದು ಕೋಳೀನೂ ಮೊಟ್ಟೆ ಇಡ್ತಿಲ್ಲ."

ಸಾಹೇಬರು ಕುಸಿದು ಪೆಟ್ಟಿಗೆಯ ಮೇಲೆ ಕೂತರು. "ಅಧಿವೇಶನಕ್ಕೆ ಇನ್ನೂ ನಾಲ್ಕು ತಿಂಗಳಿದೆಯಲ್ಲೇ."

"ಗೊತ್ತು ರೀ. ರಸ್ತೆ ಕೆಟ್ಟಿದೆ, ಬೇಗ ಹೊರಟ್ರೆ ಒಳ್ಳೇದು."