ಆರ್ಥರ್ ಅಂಕಲ್‌ಗೆ ನಾನು ಮಾಡಿಸಿದ ಸನ್ಮಾನ

ಬಂಗುಡೆ ಮೀನಿನ ಹೊಟ್ಟೆ ಸೀಳುತ್ತಿದ್ದಾಗ ಫೋನ್ ಬಂತು. ಕೈತುಂಬ ರಕ್ತ, ಚಿಪ್ಪು. ಮೊಣಕೈಯಿಂದ ಸ್ಪೀಕರ್ ಒತ್ತಿದೆ. ನಮ್ಮ ಸಂಘದ ಅಧ್ಯಕ್ಷರು.

"ಫಿಲ್ಲುಬಾಯಿ, ನಾಳೆಯ ಮುಖ್ಯ ಅತಿಥಿ ಬರುವುದಿಲ್ಲವಂತೆ! ಖಲಾಸ್! ಹುಡುಗಿಯರ ಫುಟ್‌ಬಾಲ್ ಟೀಮಿನ ಉದ್ಘಾಟನೆ ಯಾರು ಮಾಡುವುದು?"

"ಅದಕ್ಕೇಕೆ ಗಾಬರಿ? ದೇವರು ನಮ್ಮ ಪಕ್ಕದ ಫ್ಲಾಟಿನಲ್ಲೇ ಒಬ್ಬರನ್ನು ಇಟ್ಟಿದ್ದಾನೆ," ಎಂದೆ. ಎಂಥ ಧೈರ್ಯ!

ಆರ್ಥರ್ ಅಂಕಲ್ ಇಂಗ್ಲೆಂಡಿನವರು, ತೊಂಬತ್ತರ ಹತ್ತಿರ. ಹರೆಯದಲ್ಲಿ ಫುಟ್‌ಬಾಲ್ ಆಡಿದವರು. ಆಮೇಲೆ ಕೋಚ್ ಆಗಿ, ಈ ಕೊಲ್ಲಿ ನಾಡಿನ ಮೈದಾನಗಳಲ್ಲಿ ಹುಲ್ಲಿಲ್ಲದೆ ಬರೀ ಮರಳಿದ್ದ ಕಾಲದಲ್ಲೇ ಬಂದವರು. ಈಗ ಮಿರ್ದಿಫ್‌ನಲ್ಲಿ ನಮ್ಮ ಕಟ್ಟಡದಲ್ಲೇ ಮಗಳ ಜೊತೆಗಿದ್ದಾರೆ. ಸಂಜೆ ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿ ಕೂತು, ಬಾಲ್ ಹೇಗೆ ನಿಲ್ಲಿಸಬೇಕೆಂದು ನನ್ನ ಮಗಳು ಶರಲ್‌ಗೆ ಕೂಗಿ ಹೇಳುತ್ತಾರೆ. ಶರಲ್‌ನ ಟೀಮಿಗೆ ಕೋಚ್ ಇಲ್ಲ. ಕೋಚ್ ಇಲ್ಲದೆ ಲೀಗಿಗೆ ಸೇರಿಸುವುದಿಲ್ಲ. ಅಂಕಲ್ ಅವರೇ ಕೋಚ್ ಆಗಬೇಕೆಂದು ಅವಳ ಆಸೆ.

"ಮಮ್ಮಾ, ಜಸ್ಟ್ ಆಸ್ಕ್ ಹಿಮ್. ಡೋಂಟ್ ಓವರ್‌ಡೂ ಇಟ್!"

ಸುಮ್ಮನೆ ಕೇಳುವುದೇ? ನಮ್ಮಲ್ಲಿ ಹಾಗೆ ಕೇಳುವ ಕ್ರಮ ಉಂಟೇ? ಮೊದಲು ಶಾಲು, ಪೇಟ, ಹಣ್ಣಿನ ಬುಟ್ಟಿ. ಆಮೇಲೆ ಬೇಡಿಕೆ. ಶಾಲು ಹೊದ್ದವರ ಬಾಯಲ್ಲಿ 'ಇಲ್ಲ' ಬರುವುದಿಲ್ಲ.

"ಆ ಮುದುಕನ ಬಗ್ಗೆ ನಿನಗೇನು ಗೊತ್ತು?" ಎಂದರು ನಮ್ಮವರು.

"ಸನ್ಮಾನದ ಭಾಷಣಕ್ಕೆ ಏನಾದರೂ ಗೊತ್ತಿರಬೇಕೆಂದು ಯಾರು ಹೇಳಿದ್ದು?"

ಅತಿಥಿಯಾಗಿ ಬರಲು ಅಂಕಲ್ ಒಪ್ಪಿದರು. ಮರುದಿನ ಊದ್ ಮೇಥಾದಲ್ಲಿ ಕಾರ್ಯಕ್ರಮದ ಹಾಲ್ ಭರ್ತಿ. ಪೇಟ ದೊಡ್ಡದಾಗಿ ಅಂಕಲ್‌ನ ಮೂಗಿನವರೆಗೆ ಇಳಿಯಿತು. ಅವರು ಅದನ್ನು ಎತ್ತಿ ಎತ್ತಿ ಗಡಿಯಾರ ನೋಡುತ್ತಿದ್ದರು. ಕೂತಲ್ಲಿ ಕಾಲು ನಿಲ್ಲದು. ನನ್ನ ಕೈಗೆ ಮೈಕ್ ಬಂತು.

"ಒಳ್ಳೆಯ ಆಟಗಾರರು," ಎಂದೆ. ಚಪ್ಪಾಳೆ. ಅದೇ ನನ್ನನ್ನು ಕೆಡಿಸಿತು.

"ಇಂಗ್ಲೆಂಡ್ ತಂಡದ ನಾಯಕರು!" ಜೋರು ಚಪ್ಪಾಳೆ. "ಇವರು ಹೊಡೆದ ಗೋಲುಗಳಿಗೆ ಲೆಕ್ಕವೇ ಇಲ್ಲ! ಅರಮನೆಯಲ್ಲಿ ಚಹಾ ಕುಡಿದವರು! ನಮ್ಮ ಹುಡುಗಿಯರಿಗೂ ಇವರೇ ಕೋಚ್ ಆಗಬೇಕು!"

ಅಂಕಲ್ ಪಕ್ಕದಲ್ಲಿ ಕೂತ ಶರಲ್ ಮುಖ ಕೆಂಪಗೆ ಮಾಡಿಕೊಂಡು, ಒಂದಕ್ಷರ ಬಿಡದೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಅವರ ಕಿವಿಗೆ ಮುಟ್ಟಿಸುತ್ತಿದ್ದಳು. ಏನಾದರೂ ಬದಲಿಸಿ ಹೇಳಬಾರದೇ? ಸುಳ್ಳು ಹೇಳಬಾರದೆಂದು ಕಲಿಸಿದವಳು ನಾನೇ!

ಅಂಕಲ್ ಎದ್ದರು. ಪೇಟ ತೆಗೆದರು. ಮೈಕ್ ಹಿಡಿದರು.

"ನಾನು ಇಂಗ್ಲೆಂಡಿಗೆ ಆಡಿದವನೇ ಅಲ್ಲ. ಸಣ್ಣ ಊರಿನ ಸಣ್ಣ ಕ್ಲಬ್. ವಾರವಿಡೀ ಮನೆಮನೆಗೆ ಕಲ್ಲಿದ್ದಲು ಹೊತ್ತು ಹಾಕುತ್ತಿದ್ದೆ, ಶನಿವಾರ ಕೆಸರಿನಲ್ಲಿ ಆಡುತ್ತಿದ್ದೆ. ನಾನು ಡಿಫೆಂಡರ್. ಜೀವಮಾನದಲ್ಲಿ ಒಂದೇ ಗೋಲು. ಅದೂ ನಮ್ಮದೇ ಬಲೆಗೆ. ಮಂಡಿ ಹೋಯಿತು, ಕೋಚ್ ಆದೆ. ಈಕೆ ಹೇಳಿದ ಮಹಾಪುರುಷ ಸಿಕ್ಕಿದರೆ ಅವನನ್ನೇ ಕೋಚ್ ಮಾಡಿಕೊಳ್ಳಿ."

ಶಾಲನ್ನು ಕುರ್ಚಿಯ ಮೇಲಿಟ್ಟು ಹೊರಟೇಬಿಟ್ಟರು. ಹಣ್ಣಿನ ಬುಟ್ಟಿ ಮಾತ್ರ ಒಯ್ದರು. ಅಷ್ಟಾದರೂ ದೇವರ ದಯೆ!

ಕಾರಿನಲ್ಲಿ ಶರಲ್ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ದ ಟೀಮ್ ಈಸ್ ಗಾನ್, ಮಮ್ಮಾ," ಎಂದಳು, ಮೆಲ್ಲಗೆ. ಬೈದಿದ್ದರೆ ವಾಸಿಯಿತ್ತು. ರಾತ್ರಿ ಪ್ರಾರ್ಥನೆಗೆ ಕೂತರೂ ಜಪಮಾಲೆಯ ಮಣಿ ಎಲ್ಲಿಗೆ ಬಂತೆಂದು ಮರೆತುಹೋಗುತ್ತಿತ್ತು.

ಬೆಳಿಗ್ಗೆ ಇಡ್ಲಿಯಂಥ ಸಾನ್ನಾಂ ಬೇಯಿಸಿ, ಬಿಸಿ ತಟ್ಟೆ ಹಿಡಿದು ನಮ್ಮ ಬಾಗಿಲಿನವರೆಗೆ ಹೋದೆ. ಮರಳಿದೆ. ಮತ್ತೆ ಹೋದೆ. ಕೊನೆಗೆ ಧೈರ್ಯ ಮಾಡಿ ಬಾಗಿಲು ತೆರೆದರೆ ಎದುರಿಗೆ ಅವರೇ! ಕೈಯಲ್ಲಿ ಖಾಲಿ ಬುಟ್ಟಿ.

"ಸಾರಿ ಅಂಕಲ್, ನಿಮ್ಮನ್ನು ದೊಡ್ಡವರನ್ನಾಗಿ ಮಾಡಲು ಹೋಗಿ..."

"ಗೊತ್ತು. ನನ್ನ ಹಾಗೆಯೇ. ಅಷ್ಟು ಜೋರಾಗಿ ಓಡಿಬಂದು ನಮ್ಮದೇ ಬಲೆಗೆ ಹೊಡೆದಿರಿ!" ಎಂದು ನಕ್ಕು, ಒಂದು ಸಾನ್ನಾ ಎತ್ತಿಕೊಂಡರು.

ನನ್ನ ಬೆನ್ನ ಹಿಂದಿನಿಂದ ಶರಲ್ ಇಣುಕಿದಳು. "ಸೋ... ವಿಲ್ ಯೂ ಕೋಚ್ ಅಸ್?"

"ಶನಿವಾರ ಸಂಜೆ. ಪೇಟ ಇಲ್ಲ, ಮೈಕ್ ಇಲ್ಲ. ನಿನ್ನ ಅಮ್ಮ ಗೋಲಿನ ಹಿಂದೆ ನಿಂತು ಬಾಲ್ ಹೆಕ್ಕಲಿ. ಅಲ್ಲಿಂದ ಭಾಷಣ ಕೇಳಿಸುವುದಿಲ್ಲ."

ಶರಲ್ ನನ್ನನ್ನು ತಬ್ಬಿಕೊಂಡಳು. ದೇವರಿಗೆ ಸ್ತೋತ್ರ ಹೇಳಿ, ಫ್ರಿಜ್ಜಿನಲ್ಲಿ ಮೊನ್ನೆಯಿಂದ ಕಾಯುತ್ತಿದ್ದ ಬಂಗುಡೆಗೆ ಮಸಾಲೆ ಹಚ್ಚಲು ಒಳಗೆ ಬಂದೆ. ಹಚ್ಚುವುದು ನನಗೆ ಚೆನ್ನಾಗಿ ಬರುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದೊಂದೇ ತಿಳಿಯುವುದಿಲ್ಲ!