ಇಲಿಬೋನೂ ನನ್ನ ಧರ್ಮೋಪನ್ಯಾಸವೂ

ಧರ್ಮದ ಬಗ್ಗೆ ಮಾತಾಡುವುದು ಏನೇನೂ ಕಷ್ಟವಲ್ಲ. ಮನೆಯಲ್ಲಿ ಇಲಿ ಇರಬಾರದು, ಅಷ್ಟೆ. ದೇಶದಲ್ಲೆಲ್ಲ ಬುದ್ಧನ ಎರಡೂವರೆ ಸಾವಿರ ವರ್ಷದ ಜಯಂತಿ ನಡೆದ ವರ್ಷ ನಾನು ಹುಣಸೂರಿನಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ಊರಿನ ಜಯಂತಿ ಸಭೆಗೆ ‘ಧರ್ಮ ಎಂದರೇನು’ ಎಂಬ ಭಾಷಣವನ್ನು ನನ್ನ ತಲೆಗೆ ಕಟ್ಟಿದರು. ನನಗೋ ಒಳಗೊಳಗೇ ಹಿಗ್ಗು. ಊಟಕ್ಕೆ ಕೂತಾಗಲೆಲ್ಲ ಹೆಂಡತಿ ರಾಜಮ್ಮನ ಮೇಲೆ ಪ್ರಯೋಗ ಮಾಡಿದೆ: ಹಿಂದೂಗಳಿಗೆ ಲೋಕವನ್ನು ಹಿಡಿದು ನಿಲ್ಲಿಸುವುದು ಧರ್ಮ, ಬೌದ್ಧರಿಗೆ ಬುದ್ಧ ಕಂಡು ಬೋಧಿಸಿದ ದಾರಿಯೇ ಧರ್ಮ, ಜೈನರಲ್ಲಿ ವಸ್ತುವಿನ ಸ್ವಭಾವವೂ ಧರ್ಮ, ಎಲ್ಲರಲ್ಲೂ ಜೀವದಯೆ. ಅವಳು ಸಾರು ಬಡಿಸುತ್ತ ಎಲ್ಲವನ್ನೂ ಕೇಳಿದಳು. ಆಮೇಲೆ, ಅಟ್ಟದ ಇಲಿ ನನ್ನ ಕೋಟಿನ ತೋಳು ತಿಂದಿದೆಯೆಂದೂ, ಕಡಿಯುವುದು ಅದರ ಸ್ವಭಾವವಾದ್ದರಿಂದ ಅದೂ ಧರ್ಮವೇ ಇರಬೇಕೆಂದೂ ಹೇಳಿದಳು. ಇಂಥವಳೆದುರು ಶಾಸ್ತ್ರ ಹೇಳುವುದು ನನ್ನ ಕರ್ಮ.

ನಮ್ಮ ಬೀದಿಯಲ್ಲಿ ಇಲಿಯನ್ನು ಕೊಲ್ಲುವುದಿಲ್ಲ. ಗಣಪತಿಯ ವಾಹನ ನೋಡಿ! ಬೋನಿಗೆ ಬಿದ್ದದ್ದನ್ನು ಟವೆಲು ಮುಚ್ಚಿ, ನಸುಕಿನಲ್ಲಿ ಪೇಟೆಬೀದಿಗೆ ಒಯ್ದು ಬಿಟ್ಟು ಬರುವುದು ವಾಡಿಕೆ. ಭಾಷಣದ ದಿನವೇ ನಮ್ಮದು ಬಿತ್ತು. ಸಂಜೆಯ ಸಭೆಗೆ ಅಧ್ಯಕ್ಷರು ಅದೇ ಪೇಟೆಬೀದಿಯ ಕಿರಾಣಿ ವರ್ತಕರಾದ ಈರಭದ್ರಪ್ಪನವರು. ಅವರ ಕಣ್ಣಿಗೆ ಬಿದ್ದರೆ ಧರ್ಮ ಬೋಧಿಸಲು ಯಾವ ಮುಖ ಹೊತ್ತು ನಿಲ್ಲಲಿ? ಆ ಭಯದಲ್ಲೇ ಹೊರಟೆ.

ಎರಡು ಬೀದಿ ಸೇರುವ ಅರಳಿಕಟ್ಟೆಯ ಹತ್ತಿರ ಎದುರಾದವರು ಸಾಕ್ಷಾತ್ ಈರಭದ್ರಪ್ಪನವರೇ. ಅವರ ಕೈಯಲ್ಲೂ ಟವೆಲು ಮುಚ್ಚಿದ್ದೇನೋ ಇತ್ತು. ಮಳೆಯ ಬಗ್ಗೆ ಒಂದೆರಡು ಮಾತಾಡಿದೆವು. ಅಷ್ಟರಲ್ಲಿ ಅವರ ಟವೆಲು ಕೀಚ್ ಎಂದಿತು. ನನ್ನದು ಉತ್ತರ ಕೊಟ್ಟಿತು. ಅಬ್ಬ, ಜೀವಮಾನದಲ್ಲಿ ಅಷ್ಟು ಹಗುರಾದ ಗಳಿಗೆ ಇನ್ನೊಂದಿಲ್ಲ.

“ಕೊಲ್ಲಬ್ಯಾಡಿ ಅಂತ ಎಲ್ಲಾ ಧರ್ಮದಾಗೂ ಅದೆ ಕಣ್ರೀ ಮೇಷ್ಟ್ರೇ,” ಎಂದರು ಅವರು. “ಪಕ್ಕದ ಬೀದಿಗೆ ಬುಡಬ್ಯಾಡಿ ಅಂತ ಎಲ್ಲೂ ಇಲ್ಲ.”

ಯಾರ ಬೀದಿಯೂ ಅಲ್ಲದ ಕಟ್ಟೆಯ ಬಳಿಯೇ ಬಿಡೋಣವೆಂದು ಒಪ್ಪಿ, ಇಬ್ಬರೂ ಒಟ್ಟಿಗೆ ಬಾಗಿಲೆತ್ತಿದೆವು. ನಮ್ಮ ಇಲಿ ನೇರ ಅವರ ಅಂಗಡಿಯತ್ತ ಓಡಿತು, ಅವರದು ನಮ್ಮ ಮನೆಯ ಕಡೆಗೆ. ಇಬ್ಬರೂ ನೋಡಿದೆವು, ಇಬ್ಬರೂ ನೋಡದವರಂತೆ ಖಾಲಿ ಬೋನು ಹಿಡಿದು ಹಿಂದಿರುಗಿದೆವು.

ಸಂಜೆ ಕೋಟಿನ ಹರಿದ ತೋಳನ್ನು ಬೆನ್ನ ಹಿಂದೆ ಮರೆಸಿಕೊಂಡು ಮಾತಾಡಿದೆ. ನೆರೆಹೊರೆಯವರಿಗೆ ಕೇಡು ಬಗೆಯಬಾರದೆಂಬ ಭಾಗವನ್ನು ಹಾರಿಸಿಬಿಟ್ಟೆ. ಭಾಷಣ ಚಿಕ್ಕದಾಗಿತ್ತೆಂದು ಅಧ್ಯಕ್ಷರು ಬಹಳ ಮೆಚ್ಚಿದರು.

ಕೆಲವು ದಿನಗಳಲ್ಲೇ ರಾಜಮ್ಮ, ಹೊಸ ಇಲಿ ಬೋನಿನ ರೊಟ್ಟಿಯನ್ನು ಮೂಸಿಯೂ ನೋಡುತ್ತಿಲ್ಲವೆಂದು ದೂರಿದಳು. ಕಿರಾಣಿ ಅಂಗಡಿಯಲ್ಲಿ ಬೆಳೆದ ಜೀವ, ರೊಟ್ಟಿ ಎಲ್ಲಿ ರುಚಿಸೀತು? ಕೊಬ್ಬರಿ ತರಲು ಈರಭದ್ರಪ್ಪನವರಲ್ಲಿಗೇ ಹೋದೆ. ಅವರು ತೂಗಿ ಕೊಟ್ಟು, ಸುತ್ತ ನೋಡಿ, ದನಿ ತಗ್ಗಿಸಿದರು. “ನಿಮ್ಮದು ಬೆಲ್ಲ ಮುಟ್ಟಾಕಿಲ್ಲ, ಕಾಯಿ ಮುಟ್ಟಾಕಿಲ್ಲ. ಬರೀ ಕಾಗದ ತಿಂತದೆ. ಆ ಭಾಷಣ ಇದ್ರೆ ಕೊಟ್ಬುಡಿ, ಬೋನಿಗೆ ಕಟ್ಟಾವ.”

ಕೊಟ್ಟೆ. ಇಲಿ ಸಿಕ್ಕಿತಂತೆ. ನನ್ನ ಧರ್ಮೋಪನ್ಯಾಸಕ್ಕಾಗಿ ತಾನಾಗಿ ಹುಡುಕಿಕೊಂಡು ಬಂದ ಜೀವ ಇಂದಿಗೂ ಅದೊಂದೇ.